ತಗಡಿನ ಮೇಲೆ ಮೂರು ದಿನ

ಮಾರ್ಚ್ ೪

ಈ ಮನೆಗೆ ಬಂದು ಒಂದೂವರೆ ವರ್ಷದ ಮೇಲೆ ನನ್ನ ಯೋಗ್ಯತೆಗೆ ತಕ್ಕ ಕೆಲಸ ಇವತ್ತು ಸಿಕ್ಕಿತು. ಅಕ್ಕ ಇಷ್ಟು ದಿನ ನನ್ನಿಂದ ಮಾಡಿಸಿದ್ದೆಲ್ಲ ಹಾಲು ತರುವುದು, ಗ್ಯಾಸಿನವನಿಗೆ ಕಾಯುವುದು. ಮೂವತ್ತೊಂದು ವರ್ಷ ನೀರಿನ ಪಂಪ್‌ಹೌಸ್ ನಡೆಸಿದವನು ನಾನು. ನಾನು ಗುಂಡಿ ಒತ್ತಿದರೆ ಅರ್ಧ ಊರಿನ ನಲ್ಲಿಯಲ್ಲಿ ನೀರು, ಒತ್ತದಿದ್ದರೆ ಅರ್ಧ ಊರಿನ ಬಾಯಲ್ಲಿ ನನ್ನ ಹೆಸರು. ಅಂಥವನ ಕೈಗೆ ಹಾಲಿನ ಚೀಲ!

ಕುಳ್ಳಿ, ಅಂದರೆ ಅಕ್ಕನ ಮಗಳು, ಫೋಟೋ ತೆಗೆದು ಸಂಪಾದಿಸುವವಳು. ಅವಳ ಕ್ಯಾಮೆರಾದ ಬ್ಯಾಟರಿಗೆ ಮುಪ್ಪು ಬಂದಿದೆ. ಇಪ್ಪತ್ತು ಫೋಟೋ ತೆಗೆಯುವಷ್ಟರಲ್ಲಿ ಏದುಸಿರು. ಕ್ಯಾಮೆರಾ ಮಾಡಿದ ಕಂಪನಿ ಈಗ ಆ ಬ್ಯಾಟರಿ ಮಾಡುತ್ತಿಲ್ಲವಂತೆ. ಬೇರೆಯವರು ಮಾಡಿದ್ದನ್ನು ನೋಡಿ ತರಬೇಕು. ಹನ್ನೊಂದನೇ ತಾರೀಕು ಹಳೆ ಮಿಲ್ಲಿನ ಇಟ್ಟಿಗೆ ಚಿಮ್ನಿ ಉರುಳಿಸುತ್ತಾರೆ. ಅದು ಬೀಳುವ ಫೋಟೋ ಹತ್ತಿರದಿಂದ ತೆಗೆಯುವ ಕೆಲಸವನ್ನು ಉರುಳಿಸುವ ಕಂಪನಿಯವರು ಕುಳ್ಳಿಗೆ ಕೊಟ್ಟಿದ್ದಾರೆ. ಇದು ಚೆನ್ನಾಗಿ ಬಂದರೆ ಆ ಕಂಪನಿಯ ವರ್ಷದ ಕೆಲಸವೆಲ್ಲ ಅವಳದೇ.

"ಮಾವ, ನಂಗೆ ಪುರುಸೊತ್ತಿಲ್ಲ. ಗಡಿಯಾರದ ಓಣಿಯ ಮೆಟ್ಟಿಲ ಕೆಳಗಿನ ಅಂಗಡೀಲೇ ತಗೋ. ಬೇರೆ ಕಡೆ ಹೋಗಿ ಬುದ್ಧಿವಂತಿಕೆ ತೋರಿಸ್ಬೇಡ" ಎಂದಳು.

ಬುದ್ಧಿವಂತಿಕೆ ತೋರಿಸಬೇಡ ಎಂದರೆ ಹಸುವಿಗೆ ಹುಲ್ಲು ಮೇಯಬೇಡ ಎಂದ ಹಾಗೆ. ಮೊದಲು ಮೂಲೆ ಅಂಗಡಿಗೆ ಹೋದೆ. ಅಲ್ಲಿನ ಬ್ಯಾಟರಿಯ ಮೈಮೇಲೆ, ಎಷ್ಟು ಚಾರ್ಜ್ ಹಿಡಿಯುತ್ತದೆ ಎನ್ನುವ ಲೆಕ್ಕ, ೨೬೦೦ ಎಂದು ದಪ್ಪಕ್ಷರ. ಆಮೇಲೆ ಮೆಟ್ಟಿಲ ಕೆಳಗಿನ ಅಂಗಡಿ. ಇಬ್ಬರು ನಿಂತರೆ ಮೂರನೆಯವರು ಉಸಿರು ಹಿಡಿಯಬೇಕು, ಅಷ್ಟು ಜಾಗ. ಒಳಗೆ ಒಬ್ಬ ಹೆಂಗಸು, ಮೂಗಿನ ತುದಿಯಲ್ಲಿ ಕನ್ನಡಕ, ಮುಂದೆ ಒಂದು ಮೀಟರ್. ಮರದ ಹಲಗೆಗೆ ಸಾಲಾಗಿ ಬೆರಳುದ್ದದ ಬಲ್ಬುಗಳು. ನೋಡಿದ ತಕ್ಷಣ ಹೆಸರಿಟ್ಟೆ: ಮೀಟರಮ್ಮ.

"ಏನ್ ತಾಯಿ, ನಿಮ್ಮ ಬ್ಯಾಟರಿ ಮೇಲೆ ಸಾವಿರದ ಐವತ್ತು ಅಂತಿದೆ. ಮೂಲೆ ಅಂಗಡೀಲಿ ಇದೇ ಗಾತ್ರದ್ದಕ್ಕೆ ಎರಡು ಸಾವಿರದ ಆರುನೂರು ಇದೆಯಲ್ಲ?"

"ಬರೆಯೋಕೇನು, ಅದರೊಳಗೆ ಆನೆ ಇದೆ ಅಂತಲೂ ಬರೀಬಹುದು" ಎಂದಳು, ತಲೆ ಎತ್ತದೆ. "ಇಷ್ಟು ಸಣ್ಣ ಡಬ್ಬೀಲಿ ಅಷ್ಟು ಹಿಡಿಯಲ್ಲ."

ಅವಳ ಪದ್ಧತಿ ವಿಚಿತ್ರ. ತರಿಸಿದ ಒಂದೊಂದು ಬ್ಯಾಟರಿಯನ್ನೂ ಪೂರ್ತಿ ಚಾರ್ಜ್ ಮಾಡಿ, ತುಂಬಿತೇ ಎಂದು ಮೀಟರಿನಲ್ಲಿ ನೋಡಿ, ಆ ಬಲ್ಬಿಗೆ ಕೊಟ್ಟು, ಎಷ್ಟು ನಿಮಿಷ ಉರಿಯಿತೆಂದು ನೋಡಿ, ಸಣ್ಣ ಪೆನ್ನಿನಲ್ಲಿ ಅದರ ಮೇಲೆಯೇ ಬರೆಯುತ್ತಾಳೆ. ನೂರಕ್ಕಿಂತ ಕಡಿಮೆ ಉರಿದದ್ದನ್ನು ಮಾರುವುದೇ ಇಲ್ಲವಂತೆ. ನನಗೆ ಕೊಟ್ಟ ಎರಡರಲ್ಲಿ ಒಂದು ೧೧೬, ಒಂದು ೧೧೪.

"ಎರಡನ್ನೂ ಸರದಿ ಮೇಲೆ ಬಳಸಿ. ಕ್ಯಾಮೆರಾದ ಜೊತೆ ಬಂದ ಚಾರ್ಜರಲ್ಲೇ ಹಾಕಿ. ಬಿಸಿಗೆ ಮಾತ್ರ ಇಡ್ಬೇಡಿ."

"ನಾನು ಪಂಪ್‌ಹೌಸಲ್ಲಿ ನಿಮ್ಮ ಅಂಗಡಿಗಿಂತ ದೊಡ್ಡ ಬ್ಯಾಟರಿ ನೋಡಿದೋನು ತಾಯಿ."

"ನೋಡಿರ್ತೀರ. ಇದು ಸಣ್ಣದು. ಅದಕ್ಕೇ ಹೇಳಿದ್ದು."

ಮನೆಗೆ ಬಂದು ಒಂದೊಂದನ್ನೂ ನಾನೇ ಅಂಗೈಯಲ್ಲಿ ತೂಗಿ, ನಲವತ್ತರಲ್ಲಿ ಎರಡನ್ನು ಆರಿಸಿದೆ ಎಂದು ಹೇಳಿದೆ. ಅಕ್ಕ ನಂಬಿದಳು. ಕುಳ್ಳಿ ನಕ್ಕಳು.

ಮಾರ್ಚ್ ೬

ನೂರಹದಿನಾರು ನಿಮಿಷವಂತೆ! ನಿನ್ನೆಯೆಲ್ಲ ಅದೇ ತಲೆಯಲ್ಲಿ ಕೊರೆಯಿತು. ಬಿಸಿಗೆ ಇಡಬಾರದು ಎಂದರೆ ಏನರ್ಥ? ನಮ್ಮ ಶಾಲೆಯಲ್ಲಿ ಇದ್ದದ್ದು ಒಂದೇ ಕೋಣೆ, ಒಬ್ಬರೇ ಮೇಷ್ಟ್ರು, ಅವರದೊಂದು ಟಾರ್ಚು. ಬೆಳಕು ಮಂಕಾದರೆ ಸೆಲ್ಲು ತೆಗೆದು ಹೆಂಚಿನ ಮೇಲೆ ಬಿಸಿಲಿಗೆ ಇಡುವ ಕೆಲಸ ನನ್ನದು. ಲೆಕ್ಕದಲ್ಲಿ ನನಗೆ ಸೊನ್ನೆ ಬಂದರೂ ಸೆಲ್ಲಿನ ವಿಷಯದಲ್ಲಿ ನಾನೇ ಮೊದಲ ರ‍್ಯಾಂಕು. ಎರಡು ದಿನ ಬಿಸಿಲು ಕುಡಿಸಿದರೆ ಸತ್ತ ಸೆಲ್ಲು ಎದ್ದು ಕೂರುತ್ತಿತ್ತು. ಸತ್ತದ್ದೇ ಏಳುವಾಗ ಬದುಕಿರುವುದು ಓಡಬೇಕಲ್ಲವೇ?

ಬೆಳಿಗ್ಗೆ ಕುಳ್ಳಿ ಆಚೆ ಹೋದ ಮೇಲೆ ಎರಡನ್ನೂ ಹಿತ್ತಿಲಿನ ಬಟ್ಟೆ ಒಗೆಯುವ ಜಾಗದ ತಗಡಿನ ಮಾಡಿನ ಮೇಲೆ ಇಟ್ಟೆ. ಕಾಗೆ ಒಯ್ಯದ ಹಾಗೆ ಮೇಲೊಂದು ಜಾಲರಿ. ನೂರೈವತ್ತು ನಿಮಿಷಕ್ಕೆ ತಂದು, ಆಮೇಲೆ ಮೀಟರಮ್ಮನ ಮುಂದೆ ಕುಕ್ಕಿ, ಬರೀ ತಾಯಿ ಈಗ ಎನ್ನಬೇಕು. ಅವಳ ಕನ್ನಡಕ ಮೂಗಿನಿಂದ ಜಾರಿ ಬೀಳುವುದನ್ನು ನೋಡಬೇಕು.

ಮಾರ್ಚ್ ೯

ಮೂರು ದಿನದ ಬಿಸಿಲು ಸಾಕೆಂದು ಮಧ್ಯಾಹ್ನ ಇಳಿಸಿದೆ. ತಗಡು ಕೆಂಡ, ಬ್ಯಾಟರಿ ಕೈಯಲ್ಲಿ ಹಿಡಿಯಲಾಗದೆ ಮೂರು ಸಲ ಕೈ ಬದಲಿಸಿದೆ. ತುಸು ಮೈ ಬಂದ ಹಾಗಿತ್ತು, ಮಾವನ ಮನೆಯಲ್ಲಿ ಉಂಡು ಬಂದವನ ಹಾಗೆ. ಚಾರ್ಜಿಗೆ ಹಾಕಿದೆ.

ಸಂಜೆ ಕುಳ್ಳಿ ಕ್ಯಾಮೆರಾಕ್ಕೆ ಒಂದನ್ನು ತುರುಕಿದಳು.

"ಸ್ವಲ್ಪ ಬಿಗಿ ಇದೆ ಮಾವ."

"ಹೊಸ ಚಪ್ಪಲಿ ಮೊದಲನೇ ದಿನವೇ ಸಡಿಲ ಇರತ್ತಾ?"

"ಅದೂ ಸರಿ" ಎಂದಳು. ನನ್ನ ಮಾತಿಗೆ ಈ ಹುಡುಗಿ ಅದೂ ಸರಿ ಎನ್ನುವುದು ವರ್ಷಕ್ಕೊಮ್ಮೆ. ತಾರೀಕು ನೆನಪಿರಲೆಂದು ಬರೆದಿಟ್ಟಿದ್ದೇನೆ.

ಮಾರ್ಚ್ ೧೧

ಚೀಲ ಹಿಡಿಯಲು ನಾನೂ ಹೋಗಿದ್ದೆ. ತಲೆಗೆ ಹಳದಿ ಟೋಪಿ ಕೊಟ್ಟರು. ಅದನ್ನು ಹಾಕಿಕೊಂಡು ಕಾವಲಿನವರಿಗೆ ಚಿಮ್ನಿ ಯಾವ ಕಡೆ ವಾಲಬೇಕೆಂದು ಹೇಳಿಕೊಟ್ಟೆ. ಅವರೂ ಹೂಂಗುಟ್ಟಿದರು.

ಮೂರು ಸೈರನ್ ಎಂದಿದ್ದರು. ಮೂರನೆಯದಕ್ಕೆ ಸಿಡಿಮದ್ದು. ಕುಳ್ಳಿ ಮರಳಿನ ಚೀಲಗಳ ಹಿಂದೆ ಮಂಡಿಯೂರಿ, ಬೆಳಕು ನೋಡಲು ನಾಲ್ಕಾರು ಫೋಟೋ ತೆಗೆದಳು. ಎರಡನೆಯ ಸೈರನ್ನಿಗೆ ಅವಳ ಬಾಯಿಂದ ಒಂದೇ ಮಾತು ಬಂತು: "ಇಷ್ಟು ಬೇಗನಾ?"

ಪರದೆಯಲ್ಲಿ ಕೆಂಪು ಗುರುತು ಮಿಟುಕುತ್ತಿತ್ತು. ಇನ್ನೊಂದು ಬ್ಯಾಟರಿ ಹಾಕಲು ಅಡಿಯ ಮುಚ್ಚಳ ತೆಗೆದಳು. ಒಳಗಿದ್ದದ್ದು ಹೊರಗೆ ಬರಲಿಲ್ಲ. ಉಗುರು ಹಾಕಿದಳು, ಅಂಗೈಗೆ ಕುಟ್ಟಿದಳು, ಹಲ್ಲು ಹಾಕಿದಳು. ನನ್ನ ಕೈಗೆ ಕೊಟ್ಟಳು, ನನಗೂ ಬರಲಿಲ್ಲ. ಉಬ್ಬಿ ಗೋಡೆಗೆ ಕಚ್ಚಿಕೊಂಡಿತ್ತು.

ಮೂರನೆಯ ಸೈರನ್ ಕೂಗಿತು. ನಾನು ಚಿಮ್ನಿ ನೋಡಲಿಲ್ಲ, ಅವಳನ್ನು ನೋಡುತ್ತಿದ್ದೆ. ಅವಳು ಬರಿಗಣ್ಣಿನಲ್ಲಿ ಅದು ಬೀಳುವುದನ್ನು ನೋಡಿದಳು. ಎರಡೂ ಕೈಯಲ್ಲಿ ಕ್ಯಾಮೆರಾ ಹಿಡಿದುಕೊಂಡೇ ನೋಡಿದಳು. ಧೂಳು ನಮ್ಮವರೆಗೂ ಬಂತು.

ಕಂಪನಿಯ ಮೇಲಿನವರು ಬಂದು, ಬೈಯಲೂ ಇಲ್ಲ. "ಬಿದ್ದ ಚಿಮ್ನೀನ ಎಬ್ಬಿಸಿ ಇನ್ನೊಂದ್ಸಲ ಬೀಳಿಸೋಕಾಗಲ್ವಲ್ಲಮ್ಮ" ಎಂದು ಅಷ್ಟೇ ಹೇಳಿ ಹೋದರು.

ದಾರಿಯಲ್ಲಿ ನಾನು ಒಂದೆರಡು ತಮಾಷೆ ಮಾಡಿದೆ. ಕುಳ್ಳಿ ಕಿಟಕಿಯ ಕಡೆ ತಿರುಗಿ ಕೂತಿದ್ದಳು.

ಮಾರ್ಚ್ ೧೨

ಬಿಸಿಲಿಗೂ ಇದಕ್ಕೂ ಸಂಬಂಧವಿರಲಾರದು ಎಂದು ಬೆಳಿಗ್ಗೆ ಹಲ್ಲುಜ್ಜುವಾಗ ತೀರ್ಮಾನ ಮಾಡಿದೆ. ಸ್ನಾನ ಮಾಡುವಾಗಲೂ ಅದೇ ತೀರ್ಮಾನ. ಆಮೇಲೆ ಅವಳ ಚೀಲದಿಂದ ಎರಡನೆಯ ಬ್ಯಾಟರಿ ತೆಗೆದು ನೋಡಿದೆ. ಕ್ಯಾಮೆರಾದೊಳಗೆ ಹೋಗದೇ ಇದ್ದದ್ದು, ಚೀಲದಲ್ಲೇ ಇದ್ದದ್ದು. ಅದೂ ದಿಂಬಿನ ಹಾಗೆ ಉಬ್ಬಿತ್ತು. ತಗಡಿಗೆ ಒರಗಿದ್ದ ಕಡೆ ಮೈಗಂಟಿದ ಚೀಟಿ ಕಂದು ತಿರುಗಿ ಮುದುರಿತ್ತು. ಅದರ ಮೇಲೆ ಪೆನ್ನಿನಲ್ಲಿ ೧೧೪.

ಕಾಲುಚೀಲದಲ್ಲಿ ಸುತ್ತಿ, ಹಿತ್ತಿಲಿನ ಖಾಲಿ ಹೂಕುಂಡದಲ್ಲಿ ಮರಳು ಹಾಕಿ ಹೂತೆ. ಅಂಥದ್ದನ್ನು ಮನೆಯೊಳಗೆ ಇಟ್ಟುಕೊಳ್ಳಬಾರದು. ಅದಕ್ಕೇ ಹೂತದ್ದು.

ಮಧ್ಯಾಹ್ನ ಕುಳ್ಳಿಯ ಜೊತೆ ಅಂಗಡಿಗೆ ಹೋಗಬೇಕಾಯಿತು. ಅಂಗಡಿಯಾಕೆ ಕ್ಯಾಮೆರಾ ಬಿಚ್ಚಿ, ಪ್ಲಾಸ್ಟಿಕ್ಕಿನ ಚಮಚದಂಥದ್ದರಲ್ಲಿ ಮೆಲ್ಲಗೆ ಮೀಟಿ ಅರ್ಧ ಗಂಟೆ ಕೂತು ಬ್ಯಾಟರಿ ಹೊರಗೆ ತೆಗೆದಳು. ಚೀಟಿ ಹರಿದು ಚೂರುಚೂರಾಗಿ ಒಳಗೇ ಅಂಟಿಕೊಂಡಿತ್ತು.

"ಬಿಸಿಯಾಗೋ ಕಡೆ ಏನಾದ್ರೂ ಇಟ್ಟಿದ್ರಾ?"

"ಇಲ್ಲ. ಮನೇಲೇ ಇತ್ತು. ಮಾವ ಚಾರ್ಜ್ ಮಾಡಿದ್ದು" ಎಂದಳು ಕುಳ್ಳಿ. ಇಬ್ಬರೂ ನನ್ನ ಕಡೆ ನೋಡಿದರು.

"ಇಲ್ಲಪ್ಪ" ಎಂದೆ. ಎಷ್ಟು ಸುಲಭವಾಗಿ ಬಂತು.

"ಇನ್ನೊಂದು ಎಲ್ಲಿ?" ಎಂದಳು ಅಂಗಡಿಯಾಕೆ.

"ಆ ಗಲಾಟೇಲಿ ಎಲ್ಲೋ ಬಿದ್ದಿರಬೇಕು. ಚೀಲ ಹಿಡಿದಿದ್ದು ನಾನೇ." ಇದಂತೂ ಇನ್ನೂ ಸುಲಭ.

ಕುಳ್ಳಿ ಆಮೇಲೆ ಅಂದದ್ದನ್ನೆಲ್ಲ ಬರೆಯುವುದಿಲ್ಲ. ಈ ನಂಬರು ಬರೆಯುವ ನಾಟಕ ಯಾರನ್ನು ಮರುಳು ಮಾಡಲು ಎಂದೂ ಕೇಳಿದಳು. ಆ ಹೆಂಗಸು ಕೈಯಲ್ಲಿದ್ದ ಚಮಚ ಕೆಳಗಿಟ್ಟು, "ತಪ್ಪು ಎಲ್ಲಾಗಿದೆ ಅಂತ ನೋಡ್ತೀನಮ್ಮ" ಎಂದಳು.

ಮಾರ್ಚ್ ೧೫

ಕುಳ್ಳಿ ತನ್ನ ಫೋಟೋದವರ ಗುಂಪಿನಲ್ಲಿ ನಡೆದದ್ದೆಲ್ಲ ಬರೆದು ಹಾಕಿದ್ದಾಳೆ. ಉಬ್ಬಿದ ಬ್ಯಾಟರಿಯ ಚಿತ್ರದ ಸಮೇತ. ಮುನ್ನೂರು ಜನ ಓದಿದ್ದಾರಂತೆ. ಅವಳ ಮಾತಿಗೆ ಅಲ್ಲಿ ಬೆಲೆ ಇದೆ, ಸುಳ್ಳು ಹೇಳುವವಳಲ್ಲ.

ಊಟಕ್ಕೆ ಕೂತೆ. ಅಕ್ಕ, "ಯಾಕೋ, ನಾಲಿಗೆಗೆ ರಜಾನಾ? ಬೆಳಿಗ್ಗೆಯಿಂದ ಒಂದು ಸುಳ್ಳೂ ಹೇಳಿಲ್ವಲ್ಲ" ಎಂದಳು.

ಮಾರ್ಚ್ ೧೯

ಹಾಲು ತರಲು ಹೋದವನು ಗಡಿಯಾರದ ಓಣಿಗೆ ಹೋದೆ. ಹಾಲಿನ ಅಂಗಡಿ ಇರುವುದು ವಿರುದ್ಧ ದಿಕ್ಕಿನಲ್ಲಿ.

ಅಂಗಡಿಯಲ್ಲಿ ಹಾಡುಹಗಲೇ ಬಲ್ಬುಗಳೆಲ್ಲ ಉರಿಯುತ್ತಿದ್ದವು. ಹಳೆಯ ಹಲಗೆಯ ಪಕ್ಕದಲ್ಲಿ ಹೊಸದೊಂದು ಹಲಗೆ, ಅದರ ಮೇಲೂ ಬಲ್ಬು. ಹನ್ನೊಂದು ಜನ ಬ್ಯಾಟರಿ ವಾಪಸು ತಂದುಕೊಟ್ಟಿದ್ದಾರೆ. ಆ ಹನ್ನೊಂದನ್ನೂ, ಅಂಗಡಿಯಲ್ಲಿ ಉಳಿದದ್ದನ್ನೂ ಅಂಗಡಿಯಾಕೆ ಒಂದೊಂದಾಗಿ ಮತ್ತೆ ಅಳೆಯುತ್ತಿದ್ದಾರೆ. ಬಲ್ಬಿನ ಎದುರು ಕೂತು, ಗಡಿಯಾರ ನೋಡುತ್ತ, ಉಬ್ಬುತ್ತದೋ ಎಂದು ಬೆರಳಲ್ಲಿ ಮುಟ್ಟುತ್ತ.

"ಇನ್ನೂ ಏನೂ ಸಿಕ್ಕಿಲ್ಲ" ಎಂದರು. "ಎಲ್ಲಾ ಮೊದಲಿನ ಹಾಗೇ ಉರೀತಿವೆ. ತಪ್ಪು ಕಂಡಿದ್ರೆ ಸಮಾಧಾನ ಆಗ್ತಿತ್ತು."

ನಾನು ನಿಂತೆ. ಬಾಯಿ ತೆರೆದೆ. "ಊಟ ಆಯ್ತಾ?" ಎಂದು ಕೇಳಿದೆ.

"ಈ ಐದು ಬಲ್ಬು ಆರಿದ ಮೇಲೆ" ಎಂದರು.

ಹಾಲು ತರುವುದು ಮರೆತು ಬಂದೆ.

ಮಾರ್ಚ್ ೨೧

ಏನೂ ಇಲ್ಲ. ಹೂಕುಂಡಕ್ಕೆ ಇನ್ನೊಂದು ಹಿಡಿ ಮರಳು ಹಾಕಿದೆ.

ಮಾರ್ಚ್ ೨೪

ಹೋಗಬಾರದೆಂದುಕೊಂಡೇ ಹೋದೆ. ಬಲ್ಬುಗಳು ಆರಿದ್ದವು. ಅಂಗಡಿಯವರು ಮೀಟರನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದರು.

"ನೀವು ಬಂದಿದ್ದು ಒಳ್ಳೇದಾಯ್ತು. ಪಂಪ್‌ಹೌಸಲ್ಲಿ ಇದ್ದೋರು, ಅಂದಿದ್ರಲ್ಲ ಅವತ್ತು. ಮೀಟರ್ ವಿಷಯ ನಿಮಗೆ ಗೊತ್ತಿರತ್ತೆ. ಇದು ಸರಿ ತೋರಿಸ್ತಿದೆಯಾ ಅಂತ ನೋಡಿ ಹೇಳ್ತೀರಾ?"

"ಯಾಕೆ? ಏನಾಯ್ತು?"

"ಬ್ಯಾಟರೀಲಿ ತಪ್ಪು ಸಿಗಲಿಲ್ಲ. ಆಮೇಲೆ ಉಳಿದಿದ್ದು ಇದು, ಇಲ್ಲಾ ನಾನು. ಇಪ್ಪತ್ತೆರಡು ವರ್ಷದಿಂದ ಬರೀತಿದೀನಿ. ಯಾವತ್ತಿಂದ ತಪ್ಪು ಬರೀತಿದೀನೋ ಏನೋ."

ಈ ಜಗತ್ತಿನಲ್ಲಿ ನನ್ನ ಬಡಾಯಿಯನ್ನು ಒಂದು ಅಕ್ಷರ ಬಿಡದೆ ನಂಬಿದವರು ಇವರೊಬ್ಬರೇ. ನನಗೇನೂ ಗೊತ್ತಿಲ್ಲ, ನಾನು ಗುಂಡಿ ಒತ್ತುತ್ತಿದ್ದವನು ಎನ್ನಬಹುದಿತ್ತು. "ಕೊಡಿ, ನೋಡೋಣ" ಎಂದು ಕೈ ಚಾಚಿದೆ. ಕೈ ಅದರಷ್ಟಕ್ಕೆ ಅದೇ ಚಾಚಿತು.

ಮೀಟರ್ ಈಗ ನನ್ನ ಮಂಚದ ಮೇಲಿದೆ. ಅಂಚೆಲ್ಲ ಸವೆದು ನುಣುಪಾಗಿದೆ. ಹಿಡಿಯುವ ಕಡೆ ಹೆಬ್ಬೆರಳಿನಷ್ಟು ಬಣ್ಣ ಹೋಗಿದೆ.

ಮಾರ್ಚ್ ೨೬

ಬೀದಿಯ ಕೊನೆಯ ಎಲೆಕ್ಟ್ರಿಷಿಯನ್ನನ ಹತ್ತಿರ ಅವನ ಮೀಟರ್ ಪಕ್ಕದಲ್ಲಿಟ್ಟು ನೋಡಿಸಿದೆ. ಗೋಡೆಯ ಪ್ಲಗ್ಗು, ಸ್ಕೂಟರಿನ ಬ್ಯಾಟರಿ, ಗಡಿಯಾರದ ಸೆಲ್ಲು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

"ಇದು ಯಾರದು? ಮಗು ಹಾಗೆ ನೋಡ್ಕೊಂಡಿದ್ದಾರೆ" ಎಂದ ಅವನು.

ಮೀಟರ್ ಸರಿಯಿದೆ ಎಂದು ಹೇಳಿದರೆ ಅವರು ತಮ್ಮ ಕೈಯನ್ನೇ ದೂರುತ್ತಾರೆ. ಕೆಟ್ಟಿದೆ ಎಂದರೆ ಇದನ್ನು ಎಸೆಯುತ್ತಾರೆ. ಎರಡನ್ನೂ ಹೇಳಿ ನೋಡಿದೆ, ಕನ್ನಡಿಯ ಮುಂದೆ. ಎರಡೂ ಚೆನ್ನಾಗಿಯೇ ಹೇಳಿದೆ.

ಮಾರ್ಚ್ ೨೮

ಬೆಳಿಗ್ಗೆ ಕುಳ್ಳಿ ಹಿತ್ತಿಲಿನ ಮೆಟ್ಟಿಲ ಮೇಲೆ ಕೂತು ಲೆನ್ಸು ಒರೆಸುತ್ತಿದ್ದಳು. ನಾನು ಹೂಕುಂಡ ಎತ್ತಿಕೊಂಡು ಹೋಗಿ ಅವಳ ಮುಂದಿಟ್ಟೆ. ಕಾಲುಚೀಲ ಬಿಚ್ಚಿದೆ. ಅವಳು ಅದನ್ನು ನೋಡಿದಳು, ಆಮೇಲೆ ನನ್ನನ್ನು.

"ಬಿಸಿಲಿಗೆ ಇಟ್ಟಿದ್ದೆ. ಆ ತಗಡಿನ ಮೇಲೆ. ಮೂರು ದಿನ."

"ಯಾಕೆ?"

ಟಾರ್ಚು, ಮೇಷ್ಟ್ರು, ಹೆಂಚು, ನೂರೈವತ್ತು ನಿಮಿಷ, ಎಲ್ಲ ಹೇಳಲು ಹೊರಟೆ. ಅರ್ಧಕ್ಕೆ ನಿಲ್ಲಿಸಿದೆ. "ಆಕೆ ಬೇಡ ಅಂದಿದ್ದಕ್ಕೆ" ಎಂದೆ.

ಬೈಯಲಿ ಎಂದು ಕಾದೆ. ಅವಳು ಲೆನ್ಸಿಗೆ ಮುಚ್ಚಳ ಹಾಕಿ, ಬಟ್ಟೆಯನ್ನು ನಾಲ್ಕಾಗಿ ಮಡಿಸಿದಳು. "ನನ್ನ ಚಿಮ್ನಿ ಹೋಯ್ತು, ಹೋಗ್ಲಿ. ಅವರಿಗೆ ನಾನು ಏನೇನು ಅಂದೆ ಗೊತ್ತಾ ಮಾವ? ನೀನು ಪಕ್ಕದಲ್ಲೇ ನಿಂತಿದ್ದೆ." ಧ್ವನಿ ಏರಲಿಲ್ಲ. "ಚಪ್ಪಲಿ ಹಾಕ್ಕೋ."

ಓಣಿಯವರೆಗೂ ಅವಳು ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ಅವರು ಹೋಗಲೆಂದು ನಾನು ಹಿಂದೆ ಸರಿದೆ. ಕುಳ್ಳಿ ಅಲ್ಲಾಡದೆ ಬಾಗಿಲಲ್ಲೇ ನಿಂತಳು. ಅವರ ಎದುರಿಗೇ ಹೇಳಬೇಕಾಯಿತು. ಮೀಟರನ್ನು ಮೇಜಿನ ಮೇಲಿಟ್ಟೆ, ಅದರ ಪಕ್ಕ ಬ್ಯಾಟರಿ ಇಟ್ಟೆ, ಹೇಳಿದೆ. ನಿಮ್ಮ ಮೀಟರ್ ಸರಿಯಾಗಿದೆ, ನೀವೂ ಸರಿಯಾಗಿದ್ದೀರಿ ಎಂದೂ ಹೇಳಿದೆ. ಗಿರಾಕಿಗಳಲ್ಲಿ ಒಬ್ಬ ನಕ್ಕ.

ಅವರು ಬ್ಯಾಟರಿ ತಿರುಗಿಸಿ ಕಂದಿದ ಚೀಟಿ ನೋಡಿದರು.

"ಎಷ್ಟು ದಿನ?"

"ಮೂರು ದಿನ ಬಿಸಿಲಲ್ಲಿ..."

"ಬಿಸಿಲಿಂದು ಕೇಳಲಿಲ್ಲ. ಗೊತ್ತಾಗಿ ಎಷ್ಟು ದಿನ ಆಯ್ತು?"

ಎಣಿಸುವ ಅಗತ್ಯವಿರಲಿಲ್ಲ. "ಹದಿನಾರು."

ಅವರು ಮೀಟರಿನ ಬಟ್ಟೆ ಬಿಚ್ಚಿ ಅದನ್ನು ಅದರ ಜಾಗಕ್ಕೆ ಎಳೆದುಕೊಂಡರು. ಕುಳ್ಳಿ ಕ್ಷಮೆ ಕೇಳಿದಳು, ಗುಂಪಿನಲ್ಲಿ ಈಗಲೇ ಬರೆದು ಹಾಕುತ್ತೇನೆ ಎಂದಳು.

"ಬರೀಮ್ಮ. ಆದ್ರೆ ಓದಿದೋರು ಎಷ್ಟು ಜನ ವಾಪಸ್ ಬರ್ತಾರೆ?" ಎಂದರು. ಮೇಜಿನ ಕೆಳಗಿನಿಂದ ರಟ್ಟಿನ ಡಬ್ಬಿ ತೆಗೆದರು. ಒಳಗೆ ಹನ್ನೊಂದು ಬ್ಯಾಟರಿ, ಒಂದೊಂದಕ್ಕೂ ಒಬ್ಬೊಬ್ಬರ ವಿಳಾಸದ ಚೀಟಿ. ಡಬ್ಬಿಯನ್ನು ನನ್ನ ಕಡೆ ತಳ್ಳಿದರು.

"ನೀವು ಕೊಟ್ಟು ಬನ್ನಿ. ಏನಾಯ್ತು ಅಂತ ನೀವೇ ಹೇಳಿ. ಫೋನಲ್ಲಿ ಬೇಡ, ಅವರ ಬಾಗಿಲಿಗೆ ಹೋಗಿ ಹೇಳಿ. ನನಗೆ ಅಂಗಡಿ ಬಿಟ್ಟು ಬರೋಕಾಗಲ್ಲ."

ಮಾರ್ಚ್ ೩೦

ನಿನ್ನೆ ಮತ್ತು ಇವತ್ತು ಸೇರಿ ಐದು ಮನೆ.

ಮೊದಲನೆಯ ಮನೆಯಲ್ಲಿ ಹೇಳಲು ಕಾಲು ಗಂಟೆ ಹಿಡಿಯಿತು. ಎರಡನೆಯದರಲ್ಲಿ ಐದು ನಿಮಿಷ. ಆಮೇಲೆ ಮಾತು ತಾನಾಗಿ ಚಿಕ್ಕದಾಯಿತು. ಈ ಬ್ಯಾಟರಿಯಲ್ಲಿ ದೋಷವಿಲ್ಲ, ಅವತ್ತಿನದನ್ನು ಹಾಳು ಮಾಡಿದ್ದು ನಾನು, ಬಿಸಿಲಿಗೆ ಇಟ್ಟಿದ್ದೆ, ಗೊತ್ತಿದ್ದೂ ಸುಮ್ಮನಿದ್ದೆ. ಸ್ಟುಡಿಯೋದ ಅಜ್ಜ ಒಬ್ಬರು ನೀರು ಕೊಟ್ಟರು. ಒಬ್ಬಾಕೆ ತನ್ನ ಗಂಡನನ್ನು ಕರೆದು, ಇನ್ನೊಂದು ಸಲ ಹೇಳಿ ಎಂದು ನಕ್ಕಳು. ಹೇಳಿದೆ.

ಐದನೆಯ ಮನೆ ಮೂರನೇ ಮಹಡಿಯಲ್ಲಿ. ಪೇಪರಿನ ಫೋಟೋಗ್ರಾಫರು, ಬಾಗಿಲ ಸರಪಳಿ ತೆಗೆಯದೆ ಸಂದಿನಿಂದಲೇ ಕೇಳಿದರು. ಕೇಳಿ ಆದ ಮೇಲೆ, "ಹೀಗೆ ಹೇಳೋಕೆ ಆಕೆ ನಿನಗೇನು ಕೊಟ್ಟಳು?" ಎಂದರು.

"ಏನೂ ಇಲ್ಲ. ಹಾಳು ಮಾಡಿದ್ದು ನಾನೇ."

"ಮೂರು ದಿನ ಬಿಸಿಲಿಗೆ ಇಡೋ ಅಷ್ಟು ದಡ್ಡ ಯಾರೂ ಇರಲ್ಲ. ಕಥೆ ಕಟ್ಟೋದಾದ್ರೆ ಚೆನ್ನಾಗಿ ಕಟ್ಟು." ಬಾಗಿಲು ಹಾಕಿಕೊಂಡರು.

ಎದುರು ಮನೆಯ ಬಾಗಿಲಲ್ಲಿ ಒಂದು ತಲೆ ಇಣುಕಿ ಒಳಗೆ ಹೋಯಿತು. ನಾನು ಮತ್ತೆ ತಟ್ಟಿದೆ. "ಸ್ವಾಮೀ, ಅಷ್ಟು ದಡ್ಡ ಇದ್ದಾನೆ. ಇಲ್ಲೇ ಕೂತಿದ್ದಾನೆ. ನೀವು ಇದನ್ನ ಇಸ್ಕೊಳ್ಳೋವರೆಗೂ ಏಳಲ್ಲ" ಎಂದೆ. ಮೆಟ್ಟಿಲ ಮೇಲೆ ಕೂತೆ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಸೆಕೆಯೆಂದು ಟವಲಿನಿಂದ ಅದಕ್ಕೂ ಗಾಳಿ ಹಾಕಿದೆ. ಒಂದಿಬ್ಬರು ನನ್ನನ್ನು ದಾಟಿಕೊಂಡು ಹತ್ತಿ ಇಳಿದರು.

ಮುಕ್ಕಾಲು ಗಂಟೆಗೆ ಸರಪಳಿ ತೆಗೆದ ಸದ್ದಾಯಿತು. ಅವರು ಹೊರಗೆ ಬಂದು ಕೈ ಚಾಚಿದರು. ಕೊಟ್ಟೆ. ಬೆಳಕಿಗೆ ಹಿಡಿದು ಅದರ ಮೇಲಿನ ಅಂಕಿ ಓದಿಕೊಂಡು ಒಳಗೆ ಹೋದರು. ನಂಬಿದರೋ, ಈ ಮುದುಕ ಮೆಟ್ಟಿಲು ಬಿಟ್ಟು ಎದ್ದರೆ ಸಾಕು ಎಂದುಕೊಂಡರೋ ಗೊತ್ತಾಗಲಿಲ್ಲ. ಡಬ್ಬಿ ಎತ್ತಿಕೊಂಡು ಮೆಟ್ಟಿಲಿಳಿದೆ. ಇನ್ನು ಆರು ಮನೆಗಳಿವೆ.